ಒಪ್ಪಿಗೆ ಇಲ್ಲಾಂದ್ರೆ ಬರೆದು ಮೇಲಕ್ಕೆ ಕಳ್ಸಿ, ಮೀಟಿಂಗ್ ಮುಗೀತು ಅಂತ ಸುಮ್ನೆ ಎದ್ದು ಬರಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಇಂಗ್ಲೆಂಡಿಗೆ ನರ್ಸ್ ಕೆಲಸಕ್ಕೋ ಕೇರ್ ಕೆಲಸಕ್ಕೋ ಹೋಗೋ ನಮ್ಮೋರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರೋದು ಬಹುತೇಕ ವೀಸಾ, ಸಂಬಳ, ಏಜೆಂಟ್‌ಗಳ ಮೋಸ ಇಷ್ಟೇ. ಅದು ಬರಬೇಕು, ಬೇಡ ಅನ್ನಲ್ಲ. ಆದ್ರೆ ಕೆಲಸಕ್ಕೆ ಸೇರಿದ ಮೇಲೆ ಎದುರಾಗೋ ಒಂದು ದೊಡ್ಡ ವಿಷಯದ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿ ಹಾಕದೆ ಹಾಕಿ. ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದ್ರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ವಯಸ್ಕರ ಸೋಶಿಯಲ್ ಕೇರ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ವಯಸ್ಸಾದೋರು, ಮರೆವಿನ ಕಾಯಿಲೆ ಇರೋರು, ಬುದ್ಧಿ ಬೆಳವಣಿಗೆಯ ತೊಂದರೆ ಇರೋರು, ತಮ್ಮನ್ನ ತಾವು ಕಾಪಾಡಿಕೊಳ್ಳೋಕೆ ಆಗದೆ ಇರೋರು, ಇವ್ರ ಮೇಲೆ ಮನೆಯೋರಿಂದಾನೋ ನೋಡಿಕೊಳ್ಳೋರಿಂದಾನೋ ದೌರ್ಜನ್ಯ ಆಗ್ತಿದೆ ಅಂತ ದೂರು ಬಂದಾಗ ವಿಚಾರಿಸೋದು ನಮ್ಮ ಟೀಮಿನ ಕೆಲಸ. ಅಲ್ಲಿ ಇದಕ್ಕೆ ಸೇಫ್‌ಗಾರ್ಡಿಂಗ್ ಅಂತಾರೆ.

ಹೇಳಬೇಕಾಗಿರೋದು ಒಂದೇ ವಿಷಯ. ಒಬ್ಬ ಅಸಹಾಯಕ ವ್ಯಕ್ತಿಯ ಸುತ್ತ ಆಸ್ಪತ್ರೆ, ಜಿಪಿ ಅನ್ನೋ ಫ್ಯಾಮಿಲಿ ಡಾಕ್ಟರು, ಮನೆಗೇ ಬಂದು ನೋಡೋ ಡಿಸ್ಟ್ರಿಕ್ಟ್ ನರ್ಸ್, ಕೌನ್ಸಿಲ್, ಪೊಲೀಸ್, ಕೇರ್ ಕಂಪನಿ, ವಸತಿ ಇಲಾಖೆ ಇಷ್ಟೆಲ್ಲ ಜನ ಇರ್ತಾರೆ, ಇವ್ರಲ್ಲಿ ಅಭಿಪ್ರಾಯ ಭೇದ ಬಂದೇ ಬರತ್ತೆ, ಬರಲೇಬೇಕು ಕೂಡ, ಯಾಕಂದ್ರೆ ಒಬ್ಬೊಬ್ರು ಒಂದೊಂದು ಕಡೆಯಿಂದ ನೋಡ್ತಿರ್ತಾರೆ. ಅಪಾಯ ಇರೋದು ಆ ಭೇದ ಮೀಟಿಂಗಲ್ಲೇ ಉಳಿದುಹೋದಾಗ. ಒಬ್ಬರು ಇದು ಸರಿ ಇಲ್ಲ ಅಂತ ಹೇಳ್ತಾರೆ, ದೊಡ್ಡ ಹುದ್ದೆಯೋರು ಯಾರೋ ಇಲ್ಲ ಪರವಾಗಿಲ್ಲ ಅಂತಾರೆ, ಮೊದಲನೆಯೋರು ಸರಿ ಬಿಡಿ ಅಂತ ಸುಮ್ಮನಾಗ್ತಾರೆ, ಫೈಲ್ ಕ್ಲೋಸ್. ಆಮೇಲೆ ಏನಾದ್ರೂ ಅನಾಹುತ ಆದ್ರೆ ಆವತ್ತು ಒಬ್ಬರಿಗೆ ಒಪ್ಪಿಗೆ ಇರ್ಲಿಲ್ಲ ಅನ್ನೋದೇ ಯಾವ ಕಾಗದದಲ್ಲೂ ಇರಲ್ಲ.

ಕಾನೂನು ಏನು ಹೇಳತ್ತೆ ಅಂತ ಮೊದಲು ಹೇಳ್ತೀನಿ. ಇಂಗ್ಲೆಂಡಿನಲ್ಲಿ ಕೇರ್ ಆಕ್ಟ್ 2014 ಅಂತ ಕಾಯ್ದೆ ಇದೆ, ಇದ್ರ ಮುಖ್ಯ ಭಾಗಗಳು 2015ರ ಏಪ್ರಿಲ್‌ನಿಂದ ಜಾರಿಗೆ ಬಂದ್ವು. ಅದ್ರ 42ನೇ ಸೆಕ್ಷನ್ ಪ್ರಕಾರ ಮೂರು ವಿಷಯ ಕೂಡಿ ಬಂದ್ರೆ ಕೌನ್ಸಿಲ್ ವಿಚಾರಣೆ ಮಾಡಲೇಬೇಕು: ಆ ವ್ಯಕ್ತಿಗೆ ಆರೈಕೆಯ ಅಗತ್ಯ ಇರಬೇಕು, ಅವ್ರ ಮೇಲೆ ದೌರ್ಜನ್ಯವೋ ನಿರ್ಲಕ್ಷ್ಯವೋ ಆಗ್ತಿರಬೇಕು ಅಥವಾ ಆಗೋ ಅಪಾಯ ಇರಬೇಕು, ಆ ಆರೈಕೆಯ ಅಗತ್ಯದಿಂದಾನೇ ತಮ್ಮನ್ನ ತಾವು ರಕ್ಷಿಸಿಕೊಳ್ಳೋಕೆ ಆಗ್ತಿರಬಾರದು. ಸಾಬೀತಾಗಿರಬೇಕು ಅಂತ ಎಲ್ಲೂ ಇಲ್ಲ, ಸಕಾರಣವಾದ ಅನುಮಾನ ಇದ್ರೆ ಸಾಕು. 43ನೇ ಸೆಕ್ಷನ್ ಪ್ರಕಾರ ಪ್ರತಿ ಪ್ರದೇಶದಲ್ಲೂ ಒಂದು ಸೇಫ್‌ಗಾರ್ಡಿಂಗ್ ಅಡಲ್ಟ್ಸ್ ಬೋರ್ಡ್ ಇರಬೇಕು, ಅದ್ರಲ್ಲಿ ಕೌನ್ಸಿಲ್, ಪೊಲೀಸ್, ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ, ಈ ಮೂರು ಕಡ್ಡಾಯ. ಈ ಬೋರ್ಡ್‌ಗಳು ಸಾಮಾನ್ಯವಾಗಿ ಇಲಾಖೆಗಳ ಮಧ್ಯೆ ಭಿನ್ನಾಭಿಪ್ರಾಯ ಬಂದ್ರೆ ಏನ್ಮಾಡಬೇಕು ಅಂತ ಒಂದು ಎಸ್ಕಲೇಶನ್ ಪಾಲಿಸಿ, ಅಂದ್ರೆ ವಿಷಯವನ್ನ ಹಂತ ಹಂತವಾಗಿ ಮೇಲಿನೋರಿಗೆ ಒಯ್ಯೋ ನಿಯಮ, ಬರೆದು ಇಟ್ಟಿರ್ತವೆ. ಬೋರ್ಡಿನ ವೆಬ್‌ಸೈಟಲ್ಲೇ ಸಿಗತ್ತೆ. ಸಿಗತ್ತೆ ಅಂದೆ, ಓದಿರೋರು ಎಷ್ಟು ಜನ ಅಂತ ಕೇಳಿದ್ರೆ ಬೇಜಾರಾಗತ್ತೆ.

ಭಿನ್ನಾಭಿಪ್ರಾಯ ಎಲ್ಲಿ ಹುಟ್ಟತ್ತೆ ಅಂದ್ರೆ, ಕೆಲವು ಕಡೆ ಪದೇ ಪದೇ. ಆಸ್ಪತ್ರೆ ಬೆಡ್ ಖಾಲಿ ಮಾಡಿಸಬೇಕು ಅಂತ ಡಿಸ್ಚಾರ್ಜ್ ಮಾಡೋಕೆ ಹೊರಡತ್ತೆ, ಸೋಶಿಯಲ್ ವರ್ಕರ್ ಮನೆ ಸುರಕ್ಷಿತ ಇಲ್ಲ ಅಂತಾರೆ. ಖರ್ಚು ಎನ್‌ಎಚ್‌ಎಸ್ ಕೊಡಬೇಕಾ ಕೌನ್ಸಿಲ್ ಕೊಡಬೇಕಾ ಅನ್ನೋ ಜಗ್ಗಾಟ ಇದ್ದೇ ಇರತ್ತೆ. ಕೇರ್ ಹೋಮಿನೋರು ದೂರು ಕಳಿಸ್ತಾರೆ, ಕೌನ್ಸಿಲ್ ಇದು 42ನೇ ಸೆಕ್ಷನ್‌ಗೆ ಬರಲ್ಲ ಅಂತ ವಾಪಸ್ ಕಳಿಸತ್ತೆ. ಇನ್ನು ಪೊಲೀಸರ ವಿಷಯ. ರೈಟ್ ಕೇರ್ ರೈಟ್ ಪರ್ಸನ್ ಅಂತ ಒಂದು ಪದ್ಧತಿ 2020ರಲ್ಲಿ ಹಂಬರ್‌ಸೈಡ್ ಪೊಲೀಸರು ಶುರು ಮಾಡಿದ್ದು, 2023ರ ಜುಲೈನಲ್ಲಿ ಅದಕ್ಕೆ ರಾಷ್ಟ್ರ ಮಟ್ಟದ ಒಪ್ಪಂದ ಆಯ್ತು. ಅಪರಾಧ ನಡೆದಿಲ್ಲ, ತಕ್ಷಣ ಜೀವಕ್ಕೆ ಅಪಾಯ ಇಲ್ಲ, ಗಂಭೀರ ಹಾನಿಯ ಅಪಾಯವೂ ಇಲ್ಲ ಅಂದ್ರೆ ಬರೀ ಕ್ಷೇಮ ನೋಡಿಕೊಂಡು ಬರೋಕೆ ಪೊಲೀಸ್ ಹೋಗಬೇಕಾಗಿಲ್ಲ, ಆರೋಗ್ಯ ಸಿಬ್ಬಂದಿ ಹೋಗಲಿ ಅನ್ನೋದು ಅದ್ರ ತಿರುಳು. ಉದ್ದೇಶ ಸರಿ ಇದೆ, ಮಾನಸಿಕ ಕಾಯಿಲೆ ಇರೋರ ಮನೆ ಬಾಗಿಲಿಗೆ ಯೂನಿಫಾರ್ಮ್ ಹೋಗಿ ನಿಲ್ಲೋದು ಯಾರಿಗೂ ಒಳ್ಳೇದಲ್ಲ. ಆದ್ರೆ ಫೋನಲ್ಲಿ ಹೇಳಿದ ಎರಡು ಮಾತಿನ ಮೇಲೆ ಅಪಾಯ ತಕ್ಷಣದ್ದಾ ಅಲ್ವಾ ಅಂತ ತೀರ್ಮಾನ ಆಗತ್ತೆ, ಆಗ ಕರೆ ಮಾಡಿದ ನರ್ಸಿಗೂ ಫೋನ್ ಎತ್ತಿದ ಕಂಟ್ರೋಲ್ ರೂಮಿಗೂ ಮಾತು ಕೂಡಲ್ಲ.

ಇವೆಲ್ಲಕ್ಕಿಂತ ಹೆಚ್ಚು ತಕರಾರು ಆಗೋದು ಕೆಪ್ಯಾಸಿಟಿ ವಿಷಯದಲ್ಲಿ, ಅಂದ್ರೆ ಆ ವ್ಯಕ್ತಿಗೆ ತನ್ನ ನಿರ್ಧಾರ ತಾನೇ ತಗೊಳ್ಳೋ ಶಕ್ತಿ ಇದೆಯಾ ಇಲ್ವಾ ಅನ್ನೋದು. ಮೆಂಟಲ್ ಕೆಪ್ಯಾಸಿಟಿ ಆಕ್ಟ್ 2005 ಅನ್ನೋ ಕಾಯ್ದೆ, ಶಕ್ತಿ ಇದೆ ಅಂತಾನೇ ಹಿಡ್ಕೊಂಡು ಶುರು ಮಾಡಬೇಕು ಅನ್ನತ್ತೆ, ಅವಿವೇಕದ ನಿರ್ಧಾರ ತಗೊಂಡ್ರು ಅಂದ ಮಾತ್ರಕ್ಕೆ ಶಕ್ತಿ ಇಲ್ಲ ಅನ್ನೋ ಹಾಗಿಲ್ಲ ಅಂತಾನೂ ಹೇಳತ್ತೆ. ಒಳ್ಳೇ ಕಾಯ್ದೆ, ಮನುಷ್ಯನ ಮರ್ಯಾದೆ ಕಾಪಾಡೋ ಕಾಯ್ದೆ. ಆದ್ರೆ ಇದೇ ಮಾತನ್ನ ಬಾಗಿಲು ಮುಚ್ಚೋಕೂ ಬಳಸ್ತಾರೆ. ಅವ್ರಿಗೆ ಕೆಪ್ಯಾಸಿಟಿ ಇದೆ, ಅವ್ರೇ ಬೇಡ ಅಂದ್ರು, ನಾವೇನ್ಮಾಡೋಣ, ಮುಗೀತು.

ಒಂದು ಪ್ರಕರಣ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ವಯಸ್ಸಾದ ಹೆಂಗಸು, ಮರೆವು ಶುರುವಾಗಿದೆ, ಮಗನ ಜೊತೆ ಇದ್ದಾರೆ. ಹಿಮ್ಮಡಿಯಲ್ಲಿ, ಮಲಗಿದ್ದಲ್ಲೇ ಇದ್ದು ಆಗೋ ಒತ್ತಡದ ಹುಣ್ಣು, ವಾರದಿಂದ ವಾರಕ್ಕೆ ಆಳ ಆಗ್ತಿದೆ. ಡಿಸ್ಟ್ರಿಕ್ಟ್ ನರ್ಸ್ ಬಂದಾಗ ಎಷ್ಟೋ ಸಲ ಬಾಗಿಲು ತೆಗೆಯಲ್ಲ, ತೆಗೆದ್ರೂ ಮಗ ಪಕ್ಕದಲ್ಲೇ ನಿಂತಿರ್ತಾನೆ, ಅಮ್ಮನಿಗೆ ಕೇರರ್ ಬೇಡವಂತೆ ಅಂತ ಅವನೇ ಉತ್ತರ ಕೊಡ್ತಾನೆ. ಬೆಳಿಗ್ಗೆ ಹೋಗ್ತಿದ್ದ ಕೇರ್ ಕಂಪನಿಯ ಹುಡುಗಿಯನ್ನ ನಿಲ್ಲಿಸಿಬಿಟ್ಟಿದ್ದ. ಆ ಹುಡುಗಿ ಬಿಡೋ ಮುಂಚೆ ಒಂದು ವಿಷಯ ಬರೆದಿಟ್ಟಿದ್ದಳು: ಬ್ಲಿಸ್ಟರ್ ಪ್ಯಾಕಲ್ಲಿ ಸೋಮವಾರದಿಂದ ಗುರುವಾರದ ತನಕದ ಮಾತ್ರೆ ಹಾಗೇ ಇದೆ, ಮಲಗಿದ್ದ ಕಡೆ ಹಾಸಿಗೆ ಬಟ್ಟೆ ಒದ್ದೆ. ಮೀಟಿಂಗ್ ಆಯ್ತು, ಟೀಮ್ಸ್ ಅನ್ನೋ ವಿಡಿಯೋ ಕಾಲಲ್ಲಿ. ನರ್ಸ್ ಇದು ನಿರ್ಲಕ್ಷ್ಯ ಅಂದ್ರು. ಜಿಪಿ ನಾನು ನೋಡಿದೀನಿ, ಆಕೆಗೆ ಕೆಪ್ಯಾಸಿಟಿ ಇದೆ, ಆರೈಕೆ ಬೇಡ ಅನ್ನೋದು ಆಕೆ ಆಯ್ಕೆ ಅಂದ್ರು. ಪೊಲೀಸರು ಅಪರಾಧ ಅನ್ನೋಕೆ ಏನೂ ಕಾಣ್ತಿಲ್ಲ ಅಂದ್ರು. ಕೌನ್ಸಿಲ್ ಕಡೆಯಿಂದ ಬಂದಿದ್ದೋರು, ಹಾಗಾದ್ರೆ 42ನೇ ಸೆಕ್ಷನ್ನಿನ ಮೂರನೇ ಷರತ್ತು, ತಮ್ಮನ್ನ ತಾವು ರಕ್ಷಿಸಿಕೊಳ್ಳೋಕೆ ಆಗದೆ ಇರೋದು, ಕೂಡಲ್ಲ ಅನ್ನೋ ಕಡೆ ವಾಲಿದ್ರು. ಕೇರ್ ಕಂಪನಿಯೋರು ಬಂದೇ ಇರ್ಲಿಲ್ಲ, ಅವ್ರನ್ನ ಕರೆದಿದ್ದೇ ಕೊನೇ ಗಳಿಗೆಯಲ್ಲಿ.

ನರ್ಸ್ ಸುಮ್ಮನಾಗಲಿಲ್ಲ. ಅವತ್ತೇ ಮಧ್ಯಾಹ್ನ ಜಿಪಿಗೆ ಮೇಲ್ ಬರೆದ್ರು, ಜಗಳದ ಮೇಲ್ ಅಲ್ಲ, ಒಂದೇ ಪ್ರಶ್ನೆ: ನೀವು ಕೆಪ್ಯಾಸಿಟಿ ನೋಡಿದ್ದು ಯಾವ ನಿರ್ಧಾರದ ಬಗ್ಗೆ, ಯಾವತ್ತು, ಆಗ ಕೋಣೆಯಲ್ಲಿ ಯಾರ್ಯಾರು ಇದ್ರು? ಉತ್ತರ ಬಂತು. ಡಾಕ್ಟರು ಕೇಳಿದ್ದು ರಕ್ತದೊತ್ತಡದ ಮಾತ್ರೆ ಬದಲಾಯಿಸೋದರ ಬಗ್ಗೆ, ಅದೂ ತಿಂಗಳುಗಳ ಹಿಂದೆ, ಮಗ ಪಕ್ಕದಲ್ಲಿದ್ದ. ಹುಣ್ಣಿಗೆ ಡ್ರೆಸಿಂಗ್ ಆಗದೆ ಹೋದ್ರೆ ಕಾಲಿಗೆ ಏನಾಗಬಹುದು ಅಂತ ಆಕೆಗೆ ಅರ್ಥ ಆಗಿದೆಯಾ ಅಂತ ಯಾರೂ ಕೇಳೇ ಇಲ್ಲ. ಅಂದ್ರೆ ಇಷ್ಟು ಹೊತ್ತು ಇಬ್ರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳ್ತಿದ್ರು. ಕಾಯ್ದೆ ಪ್ರಕಾರ ಕೆಪ್ಯಾಸಿಟಿ ಅನ್ನೋದು ಆ ಹೊತ್ತಿಗೆ, ಆ ಒಂದು ನಿರ್ಧಾರಕ್ಕೆ ಮಾತ್ರ, ಒಂದು ಸಲ ಇದೆ ಅಂತ ಬರೆದ್ರೆ ಎಲ್ಲಾದಕ್ಕೂ ಆಯ್ತು ಅಂತಲ್ಲ. ನರ್ಸಿನ ಮ್ಯಾನೇಜರು ನಮ್ಮ ಟೀಮ್ ಮ್ಯಾನೇಜರಿಗೆ ಫೋನ್ ಮಾಡಿ ಆ ಮೇಲ್‌ಗಳನ್ನ ಕಳಿಸಿದ್ರು, ಮಗ ಕೆಲಸಕ್ಕೆ ಹೋದ ಹೊತ್ತಲ್ಲಿ ನರ್ಸ್ ಮತ್ತು ಸೋಶಿಯಲ್ ವರ್ಕರ್ ಒಟ್ಟಿಗೆ ಹೋಗಿ ಮಾತಾಡಿಸಿದ್ರು, ಆಕೆ ಪರವಾಗಿ ಮಾತಾಡೋಕೆ ಒಬ್ಬ ಸ್ವತಂತ್ರ ಅಡ್ವೊಕೇಟ್ (ವಕೀಲರಲ್ಲ, ಆಕೆ ಇಷ್ಟ ಏನು ಅಂತ ಹೇಳೋ ಪ್ರತಿನಿಧಿ) ಬಂದ್ರು. ಆಕೆ ಹೇಳಿದ್ದು ಇಷ್ಟು: ನಾನು ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ, ನನ್ನ ಮಗನನ್ನ ಜೈಲಿಗೆ ಹಾಕಬೇಡಿ, ಆ ಹುಡುಗಿ ಬೆಳಿಗ್ಗೆ ಬರ್ಲಿ, ಅವಳು ತಲೆ ಬಾಚ್ತಿದ್ದಳು. ಮೀಟಿಂಗಲ್ಲಿ ಅಷ್ಟು ಹೊತ್ತು ಆಕೆ ಬಗ್ಗೆ ಮಾತಾಡಿದೋರಿಗೆ ಯಾರಿಗೂ ಇದು ಗೊತ್ತಿರ್ಲಿಲ್ಲ. ಮಗನೂ ರಾಕ್ಷಸ ಅಲ್ಲ, ಸಾಲ ಇತ್ತು, ಕೇರರ್‌ಗೆ ಕೊಡೋ ದುಡ್ಡು ಉಳಿಸೋಕೆ ನೋಡಿದ್ದ, ಅವನಿಗೇನು ನೆರವು ಬೇಕು ಅಂತಾನೂ ಒಂದು ಅಸೆಸ್‌ಮೆಂಟ್ ಆಯ್ತು. ಹುಣ್ಣು ಮಾಗೋಕೆ ತುಂಬಾ ದಿನ ಹಿಡೀತು.

ಎಲ್ಲಾ ಭಿನ್ನಾಭಿಪ್ರಾಯಾನೂ ಹೀಗೆ ಒಂದು ಪ್ರಶ್ನೆಯಲ್ಲಿ ಬಗೆಹರಿಯಲ್ಲ. ಕೆಲವು ನಿಜವಾಗ್ಲೂ ಭಿನ್ನವೇ ಇರ್ತವೆ, ಇಬ್ರೂ ಎಲ್ಲಾ ನೋಡಿ ಆದ ಮೇಲೂ ಬೇರೆ ಬೇರೆ ತೀರ್ಮಾನಕ್ಕೆ ಬರ್ತಾರೆ. ಅದಕ್ಕೇ ಮೆಟ್ಟಿಲು ಇರೋದು. ಸಾಮಾನ್ಯವಾಗಿ ಮೊದಲು ಕೆಲಸ ಮಾಡೋರು ಕೆಲಸ ಮಾಡೋರ ಜೊತೆ ನೇರವಾಗಿ ಮಾತಾಡಬೇಕು, ಆಗ್ಲಿಲ್ಲ ಅಂದ್ರೆ ಎರಡೂ ಕಡೆ ಲೈನ್ ಮ್ಯಾನೇಜರುಗಳು, ಅಲ್ಲೂ ಆಗ್ಲಿಲ್ಲ ಅಂದ್ರೆ ವಿಭಾಗದ ಮುಖ್ಯಸ್ಥರು ಮತ್ತು ಸೇಫ್‌ಗಾರ್ಡಿಂಗ್ ಲೀಡ್‌ಗಳು (ಆ ಕೆಲಸದ ಹೊಣೆ ಹೊತ್ತೋರು), ಕೊನೆಗೆ ಬೋರ್ಡಿನ ಅಧ್ಯಕ್ಷರ ತನಕ. ಪ್ರತಿ ಮೆಟ್ಟಿಲಿಗೂ ಇಷ್ಟು ದಿನ ಅಂತ ಗಡುವು ಇರತ್ತೆ, ಬೋರ್ಡಿಂದ ಬೋರ್ಡಿಗೆ ಬೇರೆ ಬೇರೆ, ಅಪಾಯ ಹೆಚ್ಚಿದ್ರೆ ಗಂಟೆಗಳ ಲೆಕ್ಕ. ಕೆಪ್ಯಾಸಿಟಿ ಮತ್ತು ಆ ವ್ಯಕ್ತಿಯ ಹಿತ ಏನು ಅನ್ನೋದರ ಬಗ್ಗೆ ಕೊನೆಗೂ ಒಮ್ಮತ ಬರ್ಲಿಲ್ಲ ಅಂದ್ರೆ ಕೋರ್ಟ್ ಆಫ್ ಪ್ರೊಟೆಕ್ಷನ್ ಇದೆ. ಕೆಪ್ಯಾಸಿಟಿ ಇದೆ ಆದ್ರೆ ಯಾರದೋ ಬೆದರಿಕೆಯ ಕೆಳಗೆ ಇದ್ದಾರೆ ಅಂದ್ರೆ ಹೈಕೋರ್ಟಿಗೆ ಹೋಗೋ ದಾರೀನೂ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಈ ಮೆಟ್ಟಿಲು ಹತ್ತೋದರಲ್ಲಿ ಜನ ಎಡವೋದು ಎಲ್ಲಿ ಅಂತ ನೋಡ್ತಾನೇ ಇರ್ತೀನಿ. ಒಂದು, ಎಸ್ಕಲೇಶನ್ ಅಂದ್ರೆ ಚಾಡಿ ಹೇಳೋದು ಅನ್ನೋ ಭಾವನೆ. ಅದು ದೂರಲ್ಲ, ನಿಮ್ಮ ನಡತೆ ಸರಿ ಇಲ್ಲ ಅಂತ ಯಾರೂ ಹೇಳ್ತಿಲ್ಲ, ನಿರ್ಧಾರವನ್ನ ಇನ್ನೊಂದು ಜೊತೆ ಕಣ್ಣು ನೋಡ್ಲಿ ಅಂತ ಕೇಳ್ತಿರೋದು ಅಷ್ಟೇ. ಇನ್ನೊಂದು, ಎಸ್ಕಲೇಟ್ ಮಾಡಿದೀವಲ್ಲ ಅಂತ ಕೈ ಕಟ್ಟಿ ಕೂರೋದು. ಇದು ಭಯಂಕರ ತಪ್ಪು. ಮೇಲಿನೋರು ಚರ್ಚೆ ಮಾಡ್ತಿರೋ ಹೊತ್ತಲ್ಲೇ ಆ ವ್ಯಕ್ತಿ ಅದೇ ಮನೆಯಲ್ಲಿ ಅದೇ ಹಾಸಿಗೆ ಮೇಲೆ ಇರ್ತಾರೆ, ಹಾಗಾಗಿ ಇವತ್ತು ರಾತ್ರಿಗೆ ಏನು, ನಾಳೆ ಬೆಳಿಗ್ಗೆ ಯಾರು ಹೋಗಿ ನೋಡ್ತಾರೆ, ಬಾಗಿಲು ತೆಗೀದೇ ಇದ್ರೆ ಯಾರಿಗೆ ಫೋನ್ ಮಾಡಬೇಕು ಅನ್ನೋ ತಾತ್ಕಾಲಿಕ ಯೋಜನೆ ಮೊದಲು ಆಗಬೇಕು, ಅದಕ್ಕೆ ಯಾರ ತಕರಾರೂ ಇರಬಾರದು, ತಕರಾರು ಇದ್ರೂ ಹೆಚ್ಚು ಸುರಕ್ಷಿತವಾದ ದಾರಿ ಹಿಡೀಬೇಕು. ಶುಕ್ರವಾರ ಸಂಜೆ ಆಫೀಸ್ ಮುಚ್ಚೋ ಹೊತ್ತಿಗೆ ಒಂದು ಮೇಲ್ ಎಸೆದು ನನ್ನ ಜವಾಬ್ದಾರಿ ಮುಗೀತು ಅನ್ನೋರನ್ನ ಕಂಡ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ. ಮೇಲ್ ಕಳಿಸಿ, ಫೋನೂ ಮಾಡಿ, ತಲುಪ್ತಾ ಅಂತ ಖಚಿತ ಮಾಡ್ಕೊಳ್ಳಿ.

ಇನ್ನು ಬರೆಯೋ ವಿಷಯ. ಕೇಸ್ ನೋಟ್ಸಲ್ಲಿ ತುಂಬಾ ಜನ ಬರೆಯೋದು ಕಾಳಜಿ ವ್ಯಕ್ತಪಡಿಸಲಾಯಿತು ಅಂತ. ಯಾರು ವ್ಯಕ್ತಪಡಿಸಿದ್ದು, ಏನಂತ, ಯಾರಿಗೆ, ಅವ್ರು ಏನಂದ್ರು, ಒಂದೂ ಇಲ್ಲ. ಅದರ ಬದಲು ಹೀಗೆ ಬರೀಬಹುದು: ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಣ್ಣು ನೋಡಿದೆ, ಕಳೆದ ಭೇಟಿಗಿಂತ ಆಳ ಆಗಿದೆ, ವಾಸನೆ ಇದೆ, ಪಟ್ಟಿ ಬದಲಾಯಿಸಿಲ್ಲ, ಮಗ ಇಂತಿಂಥ ಮಾತು ಹೇಳಿದ, ನನ್ನ ಅಭಿಪ್ರಾಯದಲ್ಲಿ ಇದು ನಿರ್ಲಕ್ಷ್ಯ, ಕಾರಣ ಇದು, ಇಂಥ ಹುದ್ದೆಯೋರು ಇದನ್ನ ಒಪ್ಪಲಿಲ್ಲ, ಅವ್ರು ಕೊಟ್ಟ ಕಾರಣ ಇದು, ನಾನು ಇಂಥೋರಿಗೆ ಇಷ್ಟು ಹೊತ್ತಿಗೆ ತಿಳಿಸಿದೆ. ಎದುರಿನೋರ ಕಾರಣಾನೂ ನ್ಯಾಯವಾಗಿ ಬರೀರಿ, ಬರೀತಾ ಬರೀತಾನೇ ಅವ್ರು ಹೇಳಿದ್ರಲ್ಲಿ ಹುರುಳಿದೆ ಅಂತ ಅನ್ಸಿದ್ರೆ ಒಳ್ಳೇದೇ ಆಯ್ತು.

ಕಾನೂನಲ್ಲೇ ಇದಕ್ಕೆ ಒಂದು ಬಲವಾದ ಆಧಾರ ಇದೆ, ಅದನ್ನ ಬಳಸೋರು ಕಮ್ಮಿ. ಕೇರ್ ಆಕ್ಟಿನ 7ನೇ ಸೆಕ್ಷನ್. ಒಂದು ನಿರ್ದಿಷ್ಟ ವ್ಯಕ್ತಿಯ ವಿಷಯದಲ್ಲಿ ಕೌನ್ಸಿಲ್ ಪೊಲೀಸ್ ಅಥವಾ ಎನ್‌ಎಚ್‌ಎಸ್‌ನಂಥ ಪಾಲುದಾರ ಸಂಸ್ಥೆಗೆ ಸಹಕಾರ ಕೊಡಿ ಅಂತ ಕೋರಿದ್ರೆ, ಅಥವಾ ಅವ್ರು ಕೌನ್ಸಿಲ್ಲನ್ನ ಕೋರಿದ್ರೆ, ಕೊಡಲೇಬೇಕು. ಕೊಡೋದು ತಮ್ಮ ಬೇರೆ ಕರ್ತವ್ಯಕ್ಕೆ ವಿರುದ್ಧ ಆಗತ್ತೆ ಅಥವಾ ತಮ್ಮ ಕೆಲಸಕ್ಕೆ ತೊಂದರೆ ಆಗತ್ತೆ ಅಂದ್ರೆ ಮಾತ್ರ ಇಲ್ಲ ಅನ್ನಬಹುದು, ಆಗ ಯಾಕೆ ಅಂತ ಲಿಖಿತವಾಗಿ ಕಾರಣ ಕೊಡಬೇಕು. ಫೋನಲ್ಲಿ ಆಗಲ್ಲ ಅಂದುಬಿಡೋದು ಸುಲಭ, ಅದನ್ನೇ ಬರೆದು ಸಹಿ ಹಾಕಿ ಕಳಿಸಿ ಅಂದಾಗ ಎಷ್ಟೋ ಸಲ ಆಗತ್ತೆ ಅಂತ ಆಗ್ಬಿಡತ್ತೆ. ಹಾಗೇ ಮಾಹಿತಿ ಕೊಡೋಕೆ ಡೇಟಾ ಪ್ರೊಟೆಕ್ಷನ್ ಅಡ್ಡ ಬರತ್ತೆ ಅನ್ನೋರೂ ಇದ್ದಾರೆ. ರೋಗಿಯ ಗುಟ್ಟು ಕಾಪಾಡೋದು ಎಷ್ಟು ಮುಖ್ಯವೋ ಮಾಹಿತಿ ಹಂಚಿಕೊಳ್ಳೋ ಕರ್ತವ್ಯಾನೂ ಅಷ್ಟೇ ಮುಖ್ಯ ಆಗಬಹುದು ಅಂತ ಎನ್‌ಎಚ್‌ಎಸ್‌ನೋರು ಪಾಲಿಸೋ ಕ್ಯಾಲ್ಡಿಕಾಟ್ ತತ್ವಗಳಲ್ಲೇ 2013ರಲ್ಲಿ ಸೇರಿಸಿದ್ದಾರೆ.

ಇದೆಲ್ಲ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಹಿಂದೆ ಆಗಿರೋದನ್ನ ನೋಡಿ. 2006ರಲ್ಲಿ ಕಾರ್ನ್‌ವಾಲ್‌ನ ಸೇಂಟ್ ಆಸ್ಟಲ್ ಊರಲ್ಲಿ ಬುದ್ಧಿ ಬೆಳವಣಿಗೆಯ ತೊಂದರೆ ಇದ್ದ ಒಬ್ಬ ವ್ಯಕ್ತಿಯನ್ನ, ಅವನ ಮನೆಯಲ್ಲೇ ಸೇರ್ಕೊಂಡು ಅವನನ್ನ ಆಳ್ತಿದ್ದೋರು ಹಿಂಸೆ ಕೊಟ್ಟು ರೈಲ್ವೆ ಸೇತುವೆ ಮೇಲಿಂದ ಬೀಳೋ ಹಾಗೆ ಮಾಡಿ ಕೊಂದರು. ಅವನು ಅದಕ್ಕೂ ಮುಂಚೆ ವಾರಕ್ಕೊಮ್ಮೆ ಬರ್ತಿದ್ದ ಕೌನ್ಸಿಲಿನ ಸಹಾಯ ಬೇಡ ಅಂದಿದ್ದ, ಅದು ಅವನ ಆಯ್ಕೆ ಅಂತ ಒಪ್ಪಿಕೊಂಡ್ರು, ಆ ಆಯ್ಕೆ ಹಿಂದೆ ಯಾರ ಕೈ ಇದೆ ಅಂತ ಸರಿಯಾಗಿ ನೋಡಲಿಲ್ಲ. ಪೊಲೀಸ್, ಆರೋಗ್ಯ, ವಸತಿ, ಸೋಶಿಯಲ್ ಕೇರ್ ಎಲ್ಲರ ಹತ್ರಾನೂ ಒಂದೊಂದು ತುಣುಕು ಇತ್ತು ಅಂತ 2007ರ ವಿಮರ್ಶಾ ವರದಿ ಹೇಳಿತು, ಯಾರೂ ಜೋಡಿಸಲಿಲ್ಲ. ಆಮೇಲೆ 2011, ಬ್ರಿಸ್ಟಲ್ ಹತ್ರದ ವಿಂಟರ್‌ಬೋರ್ನ್ ವ್ಯೂ ಅನ್ನೋ ಖಾಸಗಿ ಆಸ್ಪತ್ರೆ. ಅಲ್ಲಿದ್ದೋರೆಲ್ಲ ಬುದ್ಧಿ ಬೆಳವಣಿಗೆಯ ತೊಂದರೆ ಅಥವಾ ಆಟಿಸಂ ಇರೋರು. ಅಲ್ಲಿ ಒಬ್ಬ ಸೀನಿಯರ್ ನರ್ಸ್ ಮ್ಯಾನೇಜ್‌ಮೆಂಟಿಗೂ ಹೇಳಿದ್ರು, ಆಸ್ಪತ್ರೆ, ಕೇರ್ ಹೋಮ್‌ಗಳನ್ನ ತಪಾಸಣೆ ಮಾಡೋ ಕೇರ್ ಕ್ವಾಲಿಟಿ ಕಮಿಷನ್ನಿಗೂ ಹೇಳಿದ್ರು, ಏನೂ ಆಗಲಿಲ್ಲ. ಕೊನೆಗೆ ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಪ್ತ ಕ್ಯಾಮೆರಾ ಇಟ್ಟು ತೋರಿಸಿದ ಮೇಲೆ ದೇಶ ಬೆಚ್ಚಿಬಿತ್ತು. 11 ಜನಕ್ಕೆ 2012ರಲ್ಲಿ ಶಿಕ್ಷೆ ಆಯ್ತು. ವಿಮರ್ಶೆ ಮಾಡಿ ನೋಡಿದ್ರೆ ಕೌನ್ಸಿಲಿಗೆ ಸೇಫ್‌ಗಾರ್ಡಿಂಗ್ ದೂರು ಹೋಗಿತ್ತು, ಪೊಲೀಸರಿಗೂ ಹೋಗಿತ್ತು, ಅಲ್ಲಿದ್ದೋರು ಎಮರ್ಜೆನ್ಸಿ ವಾರ್ಡಿಗೂ ಪದೇ ಪದೇ ಹೋಗಿ ಬಂದಿದ್ರು. ಒಂದೊಂದನ್ನೂ ಬಿಡಿ ಬಿಡಿ ಘಟನೆ ಅಂತ ನೋಡಿ ಮುಚ್ಚಿದ್ರು.

ಕೇರ್ ಆಕ್ಟ್ ಬಂದ ಮೇಲೆ ಇಂಥ ಸಾವು ಆದಾಗ, ಇಲಾಖೆಗಳು ಒಟ್ಟಿಗೆ ಕೆಲಸ ಮಾಡಿದ ರೀತಿ ಬಗ್ಗೆ ಅನುಮಾನ ಇದ್ರೆ, 44ನೇ ಸೆಕ್ಷನ್ ಪ್ರಕಾರ ಬೋರ್ಡ್ ವಿಮರ್ಶೆ ಮಾಡಲೇಬೇಕು. 2017ರ ಏಪ್ರಿಲ್‌ನಿಂದ 2019ರ ಮಾರ್ಚ್ ತನಕದ ಇಂಥ 231 ವಿಮರ್ಶೆಗಳನ್ನ ಒಟ್ಟಿಗೆ ಇಟ್ಟು ನೋಡಿದ ಒಂದು ರಾಷ್ಟ್ರೀಯ ಅಧ್ಯಯನ ಇದೆ. ಅದ್ರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸಿದ್ದು ಸ್ವನಿರ್ಲಕ್ಷ್ಯದ ಪ್ರಕರಣಗಳು, ಅಂದ್ರೆ ತಿನ್ನದೆ, ಔಷಧಿ ತಗೊಳ್ಳದೆ, ಮನೆ ತುಂಬಾ ಸಾಮಾನು ಕೂಡಿಹಾಕ್ಕೊಂಡು, ಯಾರನ್ನೂ ಒಳಗೆ ಬಿಡದೆ ಸತ್ತೋರು. ಅಲ್ಲೇ ನೋಡಿ ಕೆಪ್ಯಾಸಿಟಿ ಇದೆ ಬಿಡಿ ಅನ್ನೋ ಮಾತು ಹೆಚ್ಚು ಕೇಳಿಸೋದು. ಈ ವರದಿಗಳನ್ನ ಓದಿದ್ರೆ ನಿದ್ದೆ ಬರಲ್ಲ, ಯಾಕಂದ್ರೆ ಕೆಟ್ಟೋರು ಯಾರೂ ಕಾಣಿಸಲ್ಲ, ಎಲ್ಲರೂ ಅವರವರ ಕೆಲಸ ಮಾಡಿರ್ತಾರೆ, ಮೇಲಕ್ಕೆ ಒಯ್ಯಬೇಕಾಗಿದ್ದ ಒಂದು ಮಾತು ಮಾತ್ರ ಅಲ್ಲೇ ಉಳ್ಕೊಂಡಿರತ್ತೆ.

ಈಗ ನಮ್ಮೋರ ವಿಷಯಕ್ಕೆ ಬರ್ತೀನಿ. 2022ರ ಫೆಬ್ರವರಿಯಿಂದ ಕೇರ್ ವರ್ಕರ್‌ಗಳಿಗೂ ವೀಸಾ ತೆರೆದಾಗ ಭಾರತದಿಂದ ಬಹಳ ಜನ ಬಂದ್ರು, 2025ರ ಜುಲೈನಲ್ಲಿ ಹೊರಗಿಂದ ಹೊಸದಾಗಿ ತಗೊಳ್ಳೋದನ್ನ ನಿಲ್ಲಿಸಿದ್ರು, ಆದ್ರೆ ಬಂದೋರು ಕೆಲಸದಲ್ಲಿದ್ದಾರೆ, ನರ್ಸ್‌ಗಳು ಈಗಲೂ ಬರ್ತಾನೇ ಇದ್ದಾರೆ. ಇವ್ರು ಕೆಲಸಗಾರರು, ಮುತುವರ್ಜಿ ಇರೋರು, ರೋಗಿಯ ಹಾಸಿಗೆ ಪಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ಇರೋರು ಇವ್ರೇ. ಮೈ ಮೇಲಿನ ಕಂದಿದ ಗುರುತು, ಖಾಲಿ ಫ್ರಿಜ್, ಪರ್ಸಲ್ಲಿ ಇದ್ದಕ್ಕಿದ್ದ ಹಾಗೆ ಕಾಣೆಯಾದ ಬ್ಯಾಂಕ್ ಕಾರ್ಡ್, ಮೊದಲು ಕಣ್ಣಿಗೆ ಬೀಳೋದು ಇವ್ರಿಗೇ. ಆದ್ರೆ ಹೇಳೋಕೆ ಹಿಂಜರೀತಾರೆ. ನಾವು ಬೆಳೆದಿರೋದು ಡಾಕ್ಟರು ಹೇಳಿದ ಮೇಲೆ ಎದುರಾಡಬಾರದು, ಪೊಲೀಸರ ಜೊತೆ ನಮಗ್ಯಾಕೆ, ಹಿರಿಯರ ಮುಂದೆ ಬಾಯಿ ಬಿಡಬಾರದು ಅಂತ. ಅದ್ರ ಮೇಲೆ ವೀಸಾ ಭಯ. ಸ್ಪಾನ್ಸರ್ ಮಾಡಿರೋ ಕಂಪನಿ ಮೇಲೇ ದೂರು ಹೇಳಬೇಕಾಗಿ ಬಂದ್ರೆ, ಕೆಲಸ ಹೋಯ್ತು ಅಂದ್ರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಊರಲ್ಲಿ ಸಾಲ ಮಾಡಿ ಬಂದಿರ್ತಾರೆ. ಈ ಭಯ ಸುಳ್ಳು ಅಂತ ನಾನು ಹೇಳಲ್ಲ. ನಿಜ ಭಯ ಅದು. ಅದನ್ನ ಬಳಸಿಕೊಂಡು ಬಾಯಿ ಮುಚ್ಚಿಸೋ ಕಂಪನಿಗಳೂ ಇವೆ, ಅವ್ರ ಮೇಲೆ ಸರ್ಕಾರ ಇನ್ನೂ ಕಠಿಣ ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದ್ರೂ ಕಾನೂನಿನ ರಕ್ಷಣೆ ಇದೆ ಅನ್ನೋದು ಗೊತ್ತಿರ್ಲಿ. ಸಾರ್ವಜನಿಕ ಹಿತಕ್ಕೆ ದೂರು ಹೇಳಿದೋರನ್ನ ರಕ್ಷಿಸೋ ಪಬ್ಲಿಕ್ ಇಂಟರೆಸ್ಟ್ ಡಿಸ್‌ಕ್ಲೋಶರ್ ಆಕ್ಟ್ 1998ರದ್ದು, ಏಜೆನ್ಸಿ ಮೂಲಕ ಕೆಲಸ ಮಾಡೋರಿಗೂ ಅನ್ವಯ ಆಗತ್ತೆ, ಕೆಲಸಕ್ಕೆ ಸೇರಿ ಇಷ್ಟು ದಿನ ಆಗಿರಬೇಕು ಅನ್ನೋ ಷರತ್ತಿಲ್ಲ. ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಸಿಬ್ಬಂದಿ ತಮ್ಮ ಆತಂಕ ಹೇಳ್ಕೊಳ್ಳೋಕೆ ಅಂತಾನೇ ಫ್ರೀಡಮ್ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಇರ್ತಾರೆ, ರೋಗಿಗಳನ್ನ ತೀರಾ ನಿರ್ಲಕ್ಷ್ಯ ಮಾಡಿದ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆ ಹಗರಣದ ನಂತರ ಬಂದ ವ್ಯವಸ್ಥೆ ಅದು, ಅವ್ರ ಹತ್ರ ಹೋಗಿ ಮಾತಾಡಬಹುದು. ನರ್ಸ್‌ಗಳಿಗಂತೂ ರೋಗಿಗೆ ಅಪಾಯ ಇದೆ ಅನ್ನಿಸಿದ್ರೆ ತಡ ಮಾಡದೆ ಹೇಳಬೇಕು ಅಂತ ನರ್ಸ್‌ಗಳ ನೋಂದಣಿ ನೋಡಿಕೊಳ್ಳೋ ಎನ್‌ಎಂಸಿಯ ಕೋಡ್‌ನಲ್ಲೇ (ನಡತೆ ನಿಯಮದಲ್ಲೇ) ಇದೆ, ಅಂದ್ರೆ ಹೇಳದೆ ಇದ್ರೆ ರಿಜಿಸ್ಟ್ರೇಶನ್ನಿಗೇ ಕುತ್ತು. ಕಂಪನಿಯೋರೇ ತಪ್ಪು ಮಾಡ್ತಿದ್ರೆ ಕೌನ್ಸಿಲಿಗೆ ನೇರ ಫೋನ್ ಮಾಡಬಹುದು, ಕೇರ್ ಕ್ವಾಲಿಟಿ ಕಮಿಷನ್ನಿಗೂ ಹೇಳಬಹುದು, ಮ್ಯಾನೇಜರ್ ಅನುಮತಿ ಬೇಕಾಗಿಲ್ಲ. ಜೀವಕ್ಕೆ ಅಪಾಯ ಅಂದ್ರೆ ಯಾವ ಮೆಟ್ಟಿಲೂ ಬೇಡ, ತುರ್ತು ನಂಬರ್ 999ಕ್ಕೆ ಫೋನ್ ಮಾಡಿ.

ಊರಲ್ಲಿರೋ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಮಗಳೋ ಮಗನೋ ರಾತ್ರಿ ಫೋನ್ ಮಾಡಿ ಇವತ್ತು ಕೆಲಸದಲ್ಲಿ ಹಿಂಗಾಯ್ತು, ನನಗೆ ಸರಿ ಅನ್ನಿಸ್ತಿಲ್ಲ ಅಂದ್ರೆ, ನಿನಗ್ಯಾಕೆ ಊರ ಉಸಾಬರಿ, ದುಡಿಯೋಕೆ ಹೋಗಿದೀಯ ದುಡೀ ಅಂತ ಹೇಳಬೇಡಿ. ಹೇಳೋದು ಪ್ರೀತಿಯಿಂದಾನೇ ಅಂತ ಗೊತ್ತು. ಆದ್ರೆ ಅವ್ರು ನೋಡಿಕೊಳ್ತಿರೋದು ಕೂಡ ಯಾರದೋ ಅಮ್ಮನ್ನ. ಬರೆದಿಟ್ಟಿದೀಯಾ, ಯಾರಿಗೆ ಹೇಳಿದೆ, ಅವ್ರು ಏನಂದ್ರು ಅಂತ ಕೇಳಿ. ಅಷ್ಟು ಕೇಳಿದ್ರೂ ಅವ್ರಿಗೆ ಧೈರ್ಯ ಬರತ್ತೆ.

ದೊಡ್ಡ ಹುದ್ದೆಯಲ್ಲಿರೋ ನಮ್ಮೋರೂ ಇದ್ದಾರೆ, ಡಾಕ್ಟರುಗಳು, ಕನ್ಸಲ್ಟೆಂಟ್‌ಗಳು, ಕೇರ್ ಹೋಮ್ ಮಾಲೀಕರು. ಅವ್ರಿಗೂ ಹೇಳಬೇಕು. ಕೇರ್ ಕಂಪನಿಯ ಹುಡುಗಿ ಒಬ್ಬಳು ಮೀಟಿಂಗಲ್ಲಿ ಕೈ ಎತ್ತಿ ನನಗೆ ಒಪ್ಪಿಗೆ ಇಲ್ಲ ಅಂದ್ರೆ ಅವಳ ಇಂಗ್ಲಿಷ್ ನೋಡಬೇಡಿ, ಅವಳು ನೋಡಿದ್ದೇನು ಅಂತ ಕೇಳಿ. ನಿಮ್ಮ ನಿರ್ಧಾರವನ್ನ ಒಬ್ಬರು ಎಸ್ಕಲೇಟ್ ಮಾಡಿದ್ರೆ ಮುನಿಸಿಕೊಳ್ಳಬೇಡಿ, ಮುಂದಿನ ಸಲ ಅವ್ರ ಫೋನ್ ಎತ್ತದೆ ಇರಬೇಡಿ. ಹಾಗೆ ಒಂದು ಸಲ ಆದ್ರೆ ಸಾಕು, ಆ ಇಡೀ ಟೀಮಲ್ಲಿ ಇನ್ನು ಯಾರೂ ಬಾಯಿ ಬಿಡಲ್ಲ. ಮೀಟಿಂಗ್ ನಡೆಸೋರು ಕೊನೆಗೆ ಎಲ್ರೂ ಒಪ್ಪಿದೀರಾ ಅಂತ ಕೇಳ್ತಾರೆ, ಆ ಪ್ರಶ್ನೆಗೆ ಎಲ್ಲರೂ ತಲೆ ಆಡಿಸ್ತಾರೆ. ಒಪ್ಪದೆ ಇರೋರು ಯಾರಿದೀರಿ, ಯಾಕೆ ಅಂತ ಕೇಳಿ, ಕೇಳಿ ಮಿನಿಟ್ಸಲ್ಲಿ ಬರೆಸಿ.

ಕೊನೆಯದಾಗಿ ಸಂಪಾದಕರಲ್ಲಿ ಒಂದು ಕೋರಿಕೆ. ಇಂಗ್ಲೆಂಡಿಗೆ ನರ್ಸ್‌ಗಳನ್ನ ಕಳಿಸೋ ಸಂಸ್ಥೆಗಳು ನಮ್ಮ ಕಡೆ ಹೊರಡೋ ಮುಂಚೆ ತರಬೇತಿ ಕೊಡ್ತವೆ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕ್ ಅಕೌಂಟ್, ಚಳಿಗೆ ಏನು ಬಟ್ಟೆ ತಗೊಂಡು ಹೋಗಬೇಕು ಎಲ್ಲಾ ಹೇಳ್ತವೆ. ಸೇರೋ ಊರಿನ ಸೇಫ್‌ಗಾರ್ಡಿಂಗ್ ಬೋರ್ಡ್ ಯಾವುದು, ಅದ್ರ ಎಸ್ಕಲೇಶನ್ ಪಾಲಿಸಿ ಎಲ್ಲಿ ಸಿಗತ್ತೆ, ಸೀನಿಯರ್ ಡಾಕ್ಟರಿಗೆ ಮರ್ಯಾದೆಯಿಂದಾನೇ ನಾನು ಒಪ್ಪಲ್ಲ ಅಂತ ಹೇಗೆ ಹೇಳೋದು, ಹೇಳಿದ್ದನ್ನ ಹೇಗೆ ಬರೆದಿಡೋದು, ಇದನ್ನ ಅರ್ಧ ದಿನ ಕೂರಿಸಿ ಅಭ್ಯಾಸ ಮಾಡಿಸೋ ಸಂಸ್ಥೆ ಎಷ್ಟಿವೆ ಅಂತ ನಿಮ್ಮ ವರದಿಗಾರರು ಒಂದು ಸಲ ವಿಚಾರಿಸಿ ಬರೀಲಿ. ಈಗಾಗ್ಲೇ ಅಲ್ಲಿರೋ ನಮ್ಮೋರು ಈ ಪತ್ರ ಓದಿದ್ರೆ, ನಾಳೆ ಶಿಫ್ಟಿಗೆ ಹೋದಾಗ ಮ್ಯಾನೇಜರನ್ನ ಕೇಳಿ, ನಮ್ಮ ಬೋರ್ಡಿನ ಎಸ್ಕಲೇಶನ್ ಪಾಲಿಸಿ ಎಲ್ಲಿದೆ, ನಮ್ಮಲ್ಲಿ ಸೇಫ್‌ಗಾರ್ಡಿಂಗ್ ಲೀಡ್ ಯಾರು, ಅವ್ರ ನಂಬರ್ ಕೊಡಿ ಅಂತ.

ಇಂತಿ,
ಇಂಗ್ಲೆಂಡಿನಲ್ಲಿ ಸೋಶಿಯಲ್ ಕೇರ್ ಕೆಲಸ ಮಾಡೋ ನಿಮ್ಮ ಓದುಗ